ಎದೆಯುರಿ ಮಾತ್ರೆ ಬಿಟ್ಟರೆ ಮತ್ತೆ ಉರಿ, ನಿಮಗೂ ಹೀಗಾಗಿತ್ತಾ?

ನನಗೆ 41. ಹುಳಿತೇಗು, ಎದೆಯುರಿ ಅಂತ ಹೋದಾಗ ಡಾಕ್ಟರು ಎರಡು ತಿಂಗಳಿಗೆ ಪ್ಯಾಂಟಾಪ್ರಜೋಲ್ 40 ಬರೆದುಕೊಟ್ಟರು. ಈಗ ಎಂಟನೇ ತಿಂಗಳು. ಬಿಟ್ಟರೆ ಮೂರನೇ ದಿನಕ್ಕೇ ಗಂಟಲವರೆಗೆ ಉರಿ. ಬಿಟ್ಟವರಿದ್ದರೆ ಹೇಗೆ ಬಿಟ್ಟಿರಿ, ಹೇಳಿ.

—

ಮೇಡಂ, ನಾನು ಎರಡು ವರ್ಷ ನುಂಗಿದವನು. ಬಿಟ್ಟ ಕೂಡಲೇ ಉರಿ ಬಂದರೆ ಕಾಯಿಲೆ ವಾಪಸ್ ಬಂತು ಅಂತಲೇ ಅಲ್ಲ. ಅಷ್ಟು ದಿನ ಅದುಮಿಟ್ಟ ಹೊಟ್ಟೆ ಒಮ್ಮೆಲೇ ಜಾಸ್ತಿ ಆಮ್ಲ ಸುರಿಸುತ್ತದೆ. ಕೆಲವು ವಾರ ಕಾಟ ಕೊಟ್ಟು ತಣ್ಣಗಾಗುತ್ತದೆ. ನನಗೆ ಡಾಕ್ಟರು 40ರಿಂದ 20ಕ್ಕೆ ಇಳಿಸಿ, ಆಮೇಲೆ ದಿನ ಬಿಟ್ಟು ದಿನ ಮಾಡಿದರು. ನಡುವೆ ಉರಿ ಬಂದರೆ ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್. ಒಂದೂವರೆ ತಿಂಗಳು ಹಿಡಿಯಿತು.

ಅಂದಹಾಗೆ, ಮಾತ್ರೆ ಯಾವಾಗ ತಗೊಳ್ತೀರಿ? ನಾನು ಇಡ್ಲಿ, ಕಾಫಿ ಎಲ್ಲ ಮುಗಿಸಿ ನುಂಗುತ್ತಿದ್ದೆ. ಅದು ಖಾಲಿ ಹೊಟ್ಟೆಗೆ, ತಿಂಡಿಗೆ ಅರ್ಧ ಗಂಟೆ ಮೊದಲು. ತಿನ್ನಲು ಕೂತಾಗ ಹೊಟ್ಟೆಯ ಆಮ್ಲದ ಪಂಪುಗಳು ಶುರುವಾಗುತ್ತವೆ. ಅಷ್ಟರಲ್ಲಿ ಔಷಧಿ ರಕ್ತ ಸೇರಿರಬೇಕು. ಎರಡು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ!

—

ಬಿಡುವ ಮೊದಲು ಯಾಕೆ ಬಂತು ಅಂತ ನೋಡಿಸಿ ಅಕ್ಕ. ನಮ್ಮ ಅಪ್ಪ ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ತಾವೇ ಡೈಕ್ಲೋಫೆನಾಕ್ ತಂದು ದಿನಾ ಎರಡು ನುಂಗುತ್ತಿದ್ದರು. ಹೊಟ್ಟೆ ಉರಿಗೆ ತಣ್ಣನೆ ಹಾಲು. ಒಂದು ದಿನ ಮಲ ಡಾಂಬರಿನ ಹಾಗೆ ಕಪ್ಪಗೆ, ಜಿಗುಟು. ಸಾರಿಗೆ ಖಾರ ಜಾಸ್ತಿ ಹಾಕಿದೆ ಅಂತ ಅಮ್ಮನ ಮೇಲೆ ರೇಗಿದರು. ಬಾಯಿಂದ ಕೊಳವೆ ಇಳಿಸಿ ನೋಡಿದರೆ, ಆ ನೋವಿನ ಮಾತ್ರೆಗೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು.

ಜೊತೆಗೆ ಎಚ್. ಪೈಲೋರಿ ಬ್ಯಾಕ್ಟೀರಿಯಾ ಕೂಡ. (ಹುಣ್ಣಿಗೆ ಇದು ಕಾರಣ ಅಂದರೆ ಡಾಕ್ಟರುಗಳೇ ನಂಬದಿದ್ದ ಕಾಲದಲ್ಲಿ, 1984ರಲ್ಲಿ, ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಅದನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡರು. 2005ರಲ್ಲಿ ನೊಬೆಲ್ ಬಂತು. ಪುಣ್ಯಾತ್ಮ!) 14 ದಿನ ಆಂಟಿಬಯೋಟಿಕ್, ಬಾಯೆಲ್ಲ ತಾಮ್ರ ನೆಕ್ಕಿದ ಹಾಗೆ. ಆಮೇಲೆ ಹೋಯಿತಾ ಇಲ್ಲವಾ ಅಂತ ಮತ್ತೆ ಪರೀಕ್ಷೆ. ಅದಕ್ಕೆ ಎರಡು ವಾರ ಮೊದಲೇ ಗ್ಯಾಸ್ ಮಾತ್ರೆ (ಪ್ಯಾಂಟಾಪ್ರಜೋಲ್ ತರಹದ್ದು) ನಿಲ್ಲಿಸಿರಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ಬರಬಹುದು. ನಮಗೆ ಗೊತ್ತಿಲ್ಲದೆ ಸುಮ್ನೆ ಹೋಗಿ ವಾಪಸ್ ಬಂದೆವು. ಹಾಗಂತ ನೋವಿನ ಮಾತ್ರೆ, ಹೃದಯಕ್ಕೆ ಆಸ್ಪಿರಿನ್ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

—

ನನ್ನದು ಸುಲಭದ್ದು. ರಾತ್ರಿ ಹತ್ತಕ್ಕೆ ಊಟ, ಹತ್ತೂವರೆಗೆ ಹಾಸಿಗೆ. ಊಟವನ್ನು ಎಂಟಕ್ಕೆ ತಂದೆ, ಮಂಚದ ತಲೆ ಕಡೆ ಕಾಲುಗಳಿಗೆ ಇಟ್ಟಿಗೆ ಕೊಟ್ಟೆ. ದಿಂಬು ಪೇರಿಸಿ ನೋಡಿದ್ದೆ, ಕತ್ತು ನೋವು ಬಂತು ಅಷ್ಟೇ. ಹಾಂ, ಈ ಮಾತ್ರೆ ವರ್ಷಗಟ್ಟಲೆ ತಗೊಂಡವರು ವಿಟಮಿನ್ ಬಿ12 ನೋಡಿಸಿ. ನನ್ನದು ಇಳಿದಿತ್ತು, ಸಸ್ಯಾಹಾರಿ ಬೇರೆ.

—

ಎಲ್ಲರಿಗೂ ಥ್ಯಾಂಕ್ಸ್. ನಾನೂ ತಿಂಡಿ ಆದ ಮೇಲೇ ತಗೊಳ್ತಿದ್ದೆ! ಸೊಂಟ ನೋವಿಗೆ ವಾರಕ್ಕೆ ಮೂರು ನಾಲ್ಕು ಮಾತ್ರೆ ಬೇರೆ ನುಂಗುತ್ತೇನೆ, ಅದನ್ನು ಡಾಕ್ಟರಿಗೆ ಹೇಳಿಯೇ ಇಲ್ಲ. ಶನಿವಾರ ಹೋಗುತ್ತಿದ್ದೇನೆ. ಎರಡೂ ಸ್ಟ್ರಿಪ್ ಈಗಲೇ ಬ್ಯಾಗಿಗೆ ಹಾಕಿಕೊಂಡೆ.