‘ಸ್ಟ್ಯಾಂಡರ್ಡ್ ಡ್ರಿಂಕ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಆರೋಗ್ಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸ್ಟ್ಯಾಂಡರ್ಡ್ ಡ್ರಿಂಕ್’ ಬಂದಲ್ಲೆಲ್ಲ ಕೈ ತಡೆಯುತ್ತಿದೆ. ಬಲ್ಲವರ ಅಭಿಪ್ರಾಯ ಬೇಕು.

ಈ ಪದ ಸೂಚಿಸುವುದು ಪಾತ್ರೆಯನ್ನಲ್ಲ, ಪಾನೀಯದೊಳಗಿನ ಶುದ್ಧ ಮದ್ಯಸಾರದ ತೂಕವನ್ನು. ಆಸ್ಟ್ರೇಲಿಯಾದಲ್ಲಿ ಅದು 10 ಗ್ರಾಂ, ಅಮೆರಿಕದಲ್ಲಿ 14. ಬ್ರಿಟನ್ನಿನವರು ‘ಯೂನಿಟ್’ ಎನ್ನುತ್ತಾರೆ, ಅದು 8 ಗ್ರಾಂ. ಹೀಗಿರುವಾಗ ‘ಒಂದು ಲೋಟ’, ‘ಒಂದು ಪೆಗ್’ ಎಂದು ಬರೆದರೆ ಓದುಗರ ಲೆಕ್ಕವೇ ತಪ್ಪುತ್ತದೆ.

ಎಷ್ಟು ತಪ್ಪುತ್ತದೆ ಎಂಬುದನ್ನು ನೋಡಿ. 1 ಮಿ.ಲೀ. ಮದ್ಯಸಾರದ ತೂಕ ಸುಮಾರು 0.79 ಗ್ರಾಂ. ಶೇ. 40ರ ವಿಸ್ಕಿ 30 ಮಿ.ಲೀ. ಇದ್ದರೆ ಸುಮಾರು 9.5 ಗ್ರಾಂ, 10 ಗ್ರಾಂ ಲೆಕ್ಕಕ್ಕೆ ಹತ್ತಿರವೇ. ಆದರೆ 60 ಮಿ.ಲೀ.ಯನ್ನೂ ‘ಒಂದು ಪೆಗ್’ ಎನ್ನುವವರಿದ್ದಾರೆ. ಶೇ. 14ರ ವೈನ್ 200 ಮಿ.ಲೀ. ಸುರಿದರೆ 22 ಗ್ರಾಂ. ಶೇ. 8ರ ಬಿಯರ್ ಅರ್ಧ ಲೀಟರಿನ ಒಂದೇ ಕ್ಯಾನಿನಲ್ಲಿ 31 ಗ್ರಾಂ ದಾಟುತ್ತದೆ. ಕುಡಿದವರು ಪ್ರಾಮಾಣಿಕವಾಗಿಯೇ ‘ಒಂದು’ ಎನ್ನುತ್ತಾರೆ, ದೇಹಕ್ಕೆ ಸೇರಿದ್ದು ಮೂರು.

ಕಣ್ಣಳತೆಯಂತೂ ಇನ್ನೂ ಮೋಸ. ‘ಎರಡು ಬೆರಳು’ ಎಂದರೆ 3 ಸೆಂ.ಮೀ. ಎತ್ತರ ಎಂದುಕೊಳ್ಳೋಣ. ಒಳವ್ಯಾಸ 6 ಸೆಂ.ಮೀ. ಇರುವ ಲೋಟದಲ್ಲಿ ಅದು ಸುಮಾರು 85 ಮಿ.ಲೀ. ಆಗುತ್ತದೆ; 8 ಸೆಂ.ಮೀ. ಇದ್ದರೆ 150. ಬೆರಳು ಅದೇ, ಎತ್ತರ ಅದೇ, ಮದ್ಯ ಮಾತ್ರ ಒಂದೂಮುಕ್ಕಾಲು ಪಟ್ಟು. ಆದ್ದರಿಂದ ಪಾತ್ರೆಯ ಹೆಸರು ಹೊತ್ತ ಯಾವ ಪದವೂ ಇಲ್ಲಿ ಬೇಡವೆಂದೇ ನನ್ನ ನಿಲುವು.

‘ಪ್ರಮಾಣಿತ ಪಾನ’ ಎಂದರೆ ಯಾರೋ ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಪಾನೀಯ ಎಂಬ ಭಾವ ಬರುತ್ತದೆ. ಕುಡಿಯಲು ಸಲ್ಲುವ ಪ್ರಮಾಣ ಎಂದೂ ಓದಿಕೊಳ್ಳಬಹುದು. ಅದು ಅಪಾಯ. ‘ಮದ್ಯಮಾನ’ ಚಿಕ್ಕದು, ಚೊಕ್ಕದು. ಆದರೆ ಕೈಪಿಡಿಯಲ್ಲಿ ಕುಡಿತದ ಬಗ್ಗೆ ಇರುವ ಪ್ರಶ್ನೆಗಳನ್ನು ಆರೋಗ್ಯ ಕಾರ್ಯಕರ್ತರು ಎದುರು ಕುಳಿತು ಓದಿ ಹೇಳಬೇಕು. ಮಾತಿನಲ್ಲಿ ದಕಾರ, ಧಕಾರಗಳ ವ್ಯತ್ಯಾಸ ಉಳಿಯುವುದು ಕಷ್ಟ. ‘ಮಧ್ಯಮಾನ’ ಎಂದು ಕೇಳಿಸಿ ಸರಾಸರಿಯ ಅರ್ಥ ಬಂದೀತು.

ಸದ್ಯಕ್ಕೆ ನನ್ನ ಒಲವು ‘ಮದ್ಯಸಾರದ ಏಕಮಾನ’ದ ಕಡೆಗೆ. ಮೊದಲ ಬಾರಿ ಬಂದಾಗ ಗ್ರಾಂ ಲೆಕ್ಕ ಕೊಟ್ಟು, ಮುಂದೆ ಬರಿಯ ‘ಏಕಮಾನ’ ಎಂದು ಬರೆಯಬಹುದು. ‘ನಿನ್ನೆ ಎಷ್ಟು ಏಕಮಾನ ಕುಡಿದಿರಿ?’ ಎಂಬ ಪ್ರಶ್ನೆ ಕಿವಿಗೆ ಒಗ್ಗುತ್ತದೆಯೇ? ಇದಕ್ಕಿಂತ ಆಡುಮಾತಿಗೆ ಹತ್ತಿರದ, ಪಾತ್ರೆಯ ನೆನಪು ತರದ ಪದ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.