ಯುಎಸ್‌ಬಿ ಡ್ಯಾಕ್ ಆರಿಸಿದರೂ ಹಾಡು ಮಾತ್ರ ಲ್ಯಾಪ್‌ಟಾಪ್ ಸ್ಪೀಕರಿನಲ್ಲೇ ಬರುತ್ತಿದೆ – ಲಿನಕ್ಸ್ ಮಿಂಟ್ 21.3, ಆಡಾಸಿಯಸ್ [ಪರಿಹಾರ ಸಿಕ್ಕಿದೆ]

ಹಳೇಕ್ಯಾಸೆಟ್:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇದೊಂದೇ ತಲೆಬಿಸಿ, ದಯವಿಟ್ಟು ದಾರಿ ತೋರಿಸಿ.

ಅಪ್ಪ ಕೂಡಿಟ್ಟಿದ್ದ ನಲವತ್ತಕ್ಕೂ ಜಾಸ್ತಿ ಕ್ಯಾಸೆಟ್‌ಗಳನ್ನು ಈ ವರ್ಷ ಕಂಪ್ಯೂಟರಿಗೆ ಇಳಿಸಿದ್ದೇನೆ. ದಾಸರ ಪದ, ಭಾವಗೀತೆ, ರೇಡಿಯೋದಿಂದ ತುಂಬಿಸಿಕೊಂಡ ಹಿಂದೂಸ್ತಾನಿ ಗಾಯನ. ಎಲ್ಲವೂ 44.1 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್‌ನ (ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದ) ಫ್ಲ್ಯಾಕ್ ಆಡಿಯೋ ಫೈಲ್‌ಗಳು. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಲ್ಲಿ ತಂಬೂರಿ ಕೇಳಿಸುವುದೇ ಇಲ್ಲ. ಹಾಗಾಗಿ ಒಂದು ಯುಎಸ್‌ಬಿ ಡ್ಯಾಕ್ (ಕಂಪ್ಯೂಟರಿನ ಡಿಜಿಟಲ್ ಸದ್ದನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸದ್ದಾಗಿ ಬದಲಿಸುವ ಸಾಧನ) ಕೊಂಡು, ಮನೆಯ ಹಳೆಯ ಆಂಪ್ಲಿಫೈಯರ್‌ಗೆ ಜೋಡಿಸಿದೆ.

ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಡಿವೈಸ್ ಡ್ಯಾಕ್ ಎಂದೇ ಇದೆ. ಟೆಸ್ಟ್ ಒತ್ತಿದರೆ ಸದ್ದು ದೊಡ್ಡ ಸ್ಪೀಕರಿನಲ್ಲಿ ಬರುತ್ತದೆ. ಫೈರ್‌ಫಾಕ್ಸ್‌ನಲ್ಲಿ ವಿಡಿಯೋ ಹಾಕಿದರೂ ಅಲ್ಲೇ. ಆಡಾಸಿಯಸ್ ಎಂಬ ಮ್ಯೂಸಿಕ್ ಪ್ಲೇಯರ್‌ನಲ್ಲಿ ಹಾಡು ಹಾಕಿದರೆ ಮಾತ್ರ ಲ್ಯಾಪ್‌ಟಾಪ್ ಸ್ಪೀಕರ್! ಎರರ್ ಏನೂ ಇಲ್ಲ. ಮೂರು ಸಲ ರೀಸ್ಟಾರ್ಟ್ ಮಾಡಿದೆ, ಆಡಾಸಿಯಸ್ ತೆಗೆದು ಮತ್ತೆ ಹಾಕಿದೆ, ಏನೂ ಬದಲಾಗಲಿಲ್ಲ. ಡ್ಯಾಕ್ ವಾಪಸ್ ಕೊಡಬೇಕಾ?

ತಂತಿಜೋಡಣೆ:

ಡ್ಯಾಕ್ ವಾಪಸ್ ಕೊಡಬೇಡಿ. ಟೆಸ್ಟ್ ಸದ್ದು ಬರುತ್ತಿದೆ ಎಂದರೆ ಅದು ಸರಿಯಾಗೇ ಇದೆ. ಪ್ಲೇಯರ್ ತೆಗೆದು ಹಾಕಿದರೂ ಉಪಯೋಗವಿಲ್ಲ, ಯಾಕೆಂದರೆ ಅದರ ಸೆಟ್ಟಿಂಗ್ಸ್ ನಿಮ್ಮ ಹೋಮ್ ಫೋಲ್ಡರಿನಲ್ಲಿ ಹಾಗೇ ಉಳಿದಿರುತ್ತವೆ.

ಬೇರೇನೂ ಮಾಡುವ ಮೊದಲು ಒಂದು ಕೆಲಸ ಮಾಡಿ. "ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್" ಎಂಬ ಪ್ರೋಗ್ರಾಂ ಇದೆ. ಇಲ್ಲದಿದ್ದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕಿ ಹಾಕಿಕೊಳ್ಳಿ. ಆಡಾಸಿಯಸ್‌ನಲ್ಲಿ ಹಾಡು ಓಡುತ್ತಿರುವಾಗಲೇ ಅದನ್ನು ತೆರೆದು, ಪ್ಲೇಬ್ಯಾಕ್ ಟ್ಯಾಬ್ ನೋಡಿ. ಕೆಳಗಿನ ಪಟ್ಟಿಯಲ್ಲಿ "ಆಲ್ ಸ್ಟ್ರೀಮ್ಸ್" ಆರಿಸಿಕೊಳ್ಳಿ. ಅಲ್ಲಿ ಆಡಾಸಿಯಸ್ ಹೆಸರು ಕಾಣುತ್ತದಾ, ಇಲ್ಲವಾ? ಅಷ್ಟು ಹೇಳಿ ಸಾಕು.

ಕಂಡರೆ, ಹಾಡು ಸೌಂಡ್ ಸರ್ವರ್ (ಎಲ್ಲ ಪ್ರೋಗ್ರಾಂಗಳ ಸದ್ದನ್ನು ಸೌಂಡ್ ಕಾರ್ಡಿಗೆ ತಲುಪಿಸುವ ಪ್ರೋಗ್ರಾಂ) ಮೂಲಕವೇ ಹೋಗುತ್ತಿದೆ, ಸರ್ವರ್ ಅದನ್ನು ಬೇರೆ ಕಡೆ ಕಳಿಸುತ್ತಿದೆ. ಕಾಣದಿದ್ದರೆ, ಪ್ಲೇಯರ್ ಸರ್ವರನ್ನು ಕೇಳುವುದೇ ಇಲ್ಲ, ನೇರವಾಗಿ ಸೌಂಡ್ ಕಾರ್ಡಿಗೆ ಹೋಗುತ್ತಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಇದನ್ನು ನೋಡದೆ ಸಿಕ್ಕಿದ ಸೆಟ್ಟಿಂಗನ್ನೆಲ್ಲ ತಿರುಗಿಸಿದರೆ ಸುಮ್ನೆ ದಿನ ಹೋಗುತ್ತದೆ.

ಹಳೇಕ್ಯಾಸೆಟ್:

ನೋಡಿದೆ. ಫೈರ್‌ಫಾಕ್ಸ್ ಕಾಣುತ್ತದೆ. ಆಡಾಸಿಯಸ್ ಇಲ್ಲವೇ ಇಲ್ಲ! ಹಾಡು ಜೋರಾಗಿ ಓಡುತ್ತಿದೆ, ಪಟ್ಟಿಯಲ್ಲಿ ಹೆಸರೇ ಇಲ್ಲ.

ತಂತಿಜೋಡಣೆ:

ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಆಡಾಸಿಯಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಆಡಿಯೋ ಭಾಗದಲ್ಲಿ "ಔಟ್‌ಪುಟ್ ಪ್ಲಗಿನ್" ಏನಿದೆ ನೋಡಿ. ಅಲ್ಸಾ (ಸೌಂಡ್ ಕಾರ್ಡಿಗೆ ನೇರ ದಾರಿ) ಎಂದಿದ್ದರೆ, ಪಕ್ಕದ ಸೆಟ್ಟಿಂಗ್ಸ್ ಬಟನ್ ಒತ್ತಿ ಪಿಸಿಎಂ ಡಿವೈಸ್ ಯಾವುದಿದೆ ತಿಳಿಸಿ.

ಹಳೇಕ್ಯಾಸೆಟ್:

ಅಲ್ಸಾ ಎಂದೇ ಇದೆ. ಡಿವೈಸ್ "ಎಚ್‌ಡಬ್ಲ್ಯೂ:0,0". ಈಗ ನೆನಪಾಯಿತು. ಸುಮಾರು ಎರಡು ವರ್ಷದ ಹಿಂದೆ ಎಲ್ಲೋ ಓದಿ ಹೀಗೆ ಮಾಡಿದ್ದೆ, ಸದ್ದು ಶುದ್ಧವಾಗಿ ಬರುತ್ತದೆ ಎಂದಿತ್ತು. ಆದರೆ ಒಂದು ವಿಷಯ ಅರ್ಥವಾಗಲಿಲ್ಲ. ಆಗ ಬ್ರೌಸರಿನಲ್ಲಿ ಏನಾದರೂ ಓಡುತ್ತಿದ್ದರೆ ಆಡಾಸಿಯಸ್ "ಡಿವೈಸ್ ಬ್ಯುಸಿ" ಎಂದು ಎರರ್ ಕೊಡುತ್ತಿತ್ತು. ಡ್ಯಾಕ್ ಬಂದ ಮೇಲೆ ಆ ಎರರ್ ಒಂದು ಸಲವೂ ಬಂದಿಲ್ಲ. ಯಾಕೆ?

ತಂತಿಜೋಡಣೆ:

ಒಳ್ಳೆಯ ಪ್ರಶ್ನೆ ಕೇಳಿದಿರಿ. ನಿಮ್ಮ ಸಮಸ್ಯೆಯ ಗುಟ್ಟೇ ಅದರಲ್ಲಿದೆ.

ಅಲ್ಸಾ ಎಂದರೆ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಅಂಟಿಕೊಂಡಿರುವ ಪದರ. ಸೌಂಡ್ ಕಾರ್ಡಿನ ಜೊತೆ ನಿಜವಾಗಿ ಮಾತಾಡುವುದು ಅದೇ. ಅದರ ಮೇಲೆ ಪಲ್ಸ್‌ಆಡಿಯೋ ಎಂಬ ಸರ್ವರ್ ಕೂತಿರುತ್ತದೆ. ಲೆನಾರ್ಟ್ ಪೊಯೆಟರಿಂಗ್ ಎಂಬ ಪ್ರೋಗ್ರಾಮರ್ 2004ರಲ್ಲಿ ಶುರು ಮಾಡಿದ್ದು, ಮಿಂಟ್‌ಗೆ ಬುನಾದಿಯಾದ ಉಬುಂಟುಗೆ 2008ರ 8.04 ಆವೃತ್ತಿಯಲ್ಲಿ ಬಂತು. ಎಲ್ಲ ಪ್ರೋಗ್ರಾಂಗಳ ಸದ್ದನ್ನು ಬೆರೆಸಿ ಕಾರ್ಡಿಗೆ ಕೊಡುವುದು ಅದರ ಕೆಲಸ. ನೀವು ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಡ್ಯಾಕ್ ಆರಿಸಿದಾಗ ಆ ಮಾತು ತಲುಪುವುದು ಪಲ್ಸ್‌ಆಡಿಯೋಗೆ ಮಾತ್ರ.

ಎಚ್‌ಡಬ್ಲ್ಯೂ:0,0 ಎಂದರೆ ಮೊದಲನೆಯ ಕಾರ್ಡ್, ಅದರ ಮೊದಲನೆಯ ಡಿವೈಸ್, ಮಧ್ಯೆ ಯಾರೂ ಬೇಡ ಎಂದು. ಇಂಥ ದಾರಿಯಲ್ಲಿ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಬ್ಬರಿಗೇ ಜಾಗ. ಡ್ಯಾಕ್ ಇಲ್ಲದಾಗ ಫೈರ್‌ಫಾಕ್ಸ್ ಸದ್ದಿಗಾಗಿ ಪಲ್ಸ್‌ಆಡಿಯೋ ಆ ಕಾರ್ಡನ್ನು ಹಿಡಿದಿರುತ್ತಿತ್ತು, ಆಡಾಸಿಯಸ್‌ಗೆ ಜಾಗ ಸಿಗದೆ ಎರರ್ ಬರುತ್ತಿತ್ತು. ಈಗ ಫೈರ್‌ಫಾಕ್ಸ್ ಸದ್ದೆಲ್ಲ ಡ್ಯಾಕ್ ಕಡೆ ಹೋಯಿತು. ಲ್ಯಾಪ್‌ಟಾಪಿನ ಕಾರ್ಡನ್ನು ಕೆಲವು ಸೆಕೆಂಡ್ ಬಳಸದಿದ್ದರೆ ಪಲ್ಸ್‌ಆಡಿಯೋ ತಾನಾಗಿ ಬಿಟ್ಟುಕೊಡುತ್ತದೆ. ಖಾಲಿ ಇರುವ ಆ ಕಾರ್ಡನ್ನು ಆಡಾಸಿಯಸ್ ಆರಾಮಾಗಿ ಹಿಡಿದು ನುಡಿಸುತ್ತದೆ. ಅದರ ಮಟ್ಟಿಗೆ ಎಲ್ಲ ಸರಿಯಾಗೇ ನಡೆಯುತ್ತಿದೆ. ಎರರ್ ಬರುವುದಾದರೂ ಎಲ್ಲಿಂದ?

ಔಟ್‌ಪುಟ್ ಪ್ಲಗಿನ್ ಅನ್ನು ಪಲ್ಸ್‌ಆಡಿಯೋ ಮಾಡಿ, ಹಾಡು ನಿಲ್ಲಿಸಿ ಮತ್ತೆ ಹಾಕಿ.

ಹಳೇಕ್ಯಾಸೆಟ್:

ಮಾಡಿದೆ. ಈಗ ಪ್ಲೇಬ್ಯಾಕ್ ಟ್ಯಾಬ್‌ನಲ್ಲಿ ಆಡಾಸಿಯಸ್ ಕಾಣುತ್ತಿದೆ. ಆದರೆ ಸದ್ದು ಇನ್ನೂ ಲ್ಯಾಪ್‌ಟಾಪಿನಲ್ಲೇ! ತುಂಬಾ ಬೇಜಾರಾಗಿದೆ.

ತಂತಿಜೋಡಣೆ:

ಬೇಜಾರಾಗಬೇಡಿ, ಇನ್ನೊಂದೇ ಹೆಜ್ಜೆ. ಅದೇ ಸಾಲಿನ ಬಲಗಡೆ ಡಿವೈಸ್ ಹೆಸರಿರುವ ಬಟನ್ ಇದೆ. ಒತ್ತಿ ಡ್ಯಾಕ್ ಆರಿಸಿ. ಹಾಡು ಓಡುತ್ತಿರುವಾಗಲೇ ಸದ್ದು ಆ ಕಡೆ ಹೋಗಬೇಕು.

ನೀವು ಮೊದಲು ಯಾವಾಗಲಾದರೂ ಆಡಾಸಿಯಸ್ ಸದ್ದನ್ನು ಹೀಗೆ ಕೈಯಾರೆ ಬೇರೆ ಕಡೆ ತಿರುಗಿಸಿದ್ದಿರಾ?

ಹಳೇಕ್ಯಾಸೆಟ್:

ಬಂತು! ಬಂತು! ತಂಬೂರಿ ಕೇಳಿಸುತ್ತಿದೆ. ಅಪ್ಪನನ್ನು ಕರೆದು ಕೂರಿಸಿದೆ. ಕ್ಯಾಸೆಟ್ ಶುರುವಾಗುವ ಮುಂಚೆ ಅಮ್ಮ ಅಡುಗೆಮನೆಯಿಂದ ಕೂಗಿದ್ದು ರೆಕಾರ್ಡ್ ಆಗಿದೆ ಅಂತ ಇವತ್ತೇ ನಮಗೆ ಗೊತ್ತಾಯಿತು.

ಹೌದು, ತಿರುಗಿಸಿದ್ದೆ. ಅಲ್ಸಾಗೆ ಬದಲಾಯಿಸುವ ಮೊದಲು ಒಂದು ಹಬ್ಬದ ದಿನ ಎಚ್‌ಡಿಎಂಐ ಹಾಕಿ ಹಾಡನ್ನು ಟಿವಿಗೆ ಕಳಿಸಿದ್ದೆ, ಆಮೇಲೆ ವಾಪಸ್ ಲ್ಯಾಪ್‌ಟಾಪಿಗೆ ತಂದಿದ್ದೆ. ಆದರೆ ಅದು ಎಷ್ಟೋ ಹಿಂದಿನ ಮಾತು.

ತಂತಿಜೋಡಣೆ:

ಅದೇ ಕಾರಣ. ಪಲ್ಸ್‌ಆಡಿಯೋ ಪ್ರತಿ ಪ್ರೋಗ್ರಾಂನ ವಾಲ್ಯೂಮ್, ಮ್ಯೂಟ್ ಜೊತೆಗೆ ನೀವು ಕೈಯಾರೆ ಆರಿಸಿದ ಡಿವೈಸನ್ನೂ ನೆನಪಿಡುತ್ತದೆ. ಇದನ್ನು ಮಾಡುವ ಭಾಗಕ್ಕೆ "ಸ್ಟ್ರೀಮ್ ರಿಸ್ಟೋರ್" ಎಂದು ಹೆಸರು. ಎಷ್ಟು ವರ್ಷವಾದರೂ ಮರೆಯುವುದಿಲ್ಲ. ಕೈಯಾರೆ ಕೊಟ್ಟ ಆಯ್ಕೆ ಇದ್ದರೆ ಅದೇ ಗೆಲ್ಲುತ್ತದೆ, ಇಲ್ಲದಿದ್ದರೆ ಮಾತ್ರ ಸೌಂಡ್ ಸೆಟ್ಟಿಂಗ್ಸ್‌ನ ಆಯ್ಕೆ ನಡೆಯುತ್ತದೆ. ಇದು ಒಳ್ಳೆಯ ಗುಣವೇ. ಸಿನಿಮಾ ಟಿವಿಗೆ, ಹಾಡು ಡ್ಯಾಕ್‌ಗೆ ಎಂದು ಒಮ್ಮೆ ಹೇಳಿದರೆ ಸಾಕು. ಆದರೆ ಈ ನೆನಪು ಸೌಂಡ್ ಸೆಟ್ಟಿಂಗ್ಸ್ ಪರದೆಯಲ್ಲಿ ಎಲ್ಲೂ ಕಾಣುವುದಿಲ್ಲ. ಅದೇ ನನಗೆ ಸರಿ ಕಾಣದ ವಿಷಯ. ಕಾಣುವಂತಿದ್ದರೆ ಪ್ಲಗಿನ್ ಬದಲಾಯಿಸಿದ ಮೇಲಿನ ಈ ಗೊಂದಲ ಆಗುತ್ತಿರಲಿಲ್ಲ.

ಈ ನೆನಪಿನ ಫೈಲನ್ನೇ ಅಳಿಸಿ ಎಂದು ಯಾರಾದರೂ ಹೇಳಬಹುದು. ಬೇಡ. ಎಲ್ಲ ಪ್ರೋಗ್ರಾಂಗಳ ವಾಲ್ಯೂಮೂ ಅದರ ಜೊತೆ ಹೋಗುತ್ತದೆ. ಹೊಸ ಆಯ್ಕೆ ಕೊಟ್ಟರೆ ಹಳೆಯದು ತಾನಾಗಿ ಹೋಗುತ್ತದೆ.

ಮೈಕ್‌ಮರ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನಗೆ ಅಲ್ಸಾ ನೇರ ದಾರಿಯೇ ಬೇಕು, ಮಧ್ಯೆ ಸದ್ದು ಬೆರೆಸುವುದು ಇಷ್ಟವಿಲ್ಲ. ಡ್ಯಾಕ್‌ಗೆ ಎಚ್‌ಡಬ್ಲ್ಯೂ:1,0 ಕೊಟ್ಟಿದ್ದೆ. ಒಂದು ದಿನ ಸರಿ ಇರುತ್ತದೆ, ಇನ್ನೊಂದು ದಿನ ಸದ್ದೇ ಇಲ್ಲ.

ತಂತಿಜೋಡಣೆ:

ನಂಬರ್ ನಂಬಬೇಡಿ. ಕಂಪ್ಯೂಟರ್ ಶುರುವಾಗುವಾಗ ಯಾವ ಕಾರ್ಡ್ ಮೊದಲು ಕಂಡಿತೋ ಆ ಕ್ರಮದಲ್ಲಿ ನಂಬರ್ ಬೀಳುತ್ತದೆ. ಯುಎಸ್‌ಬಿ ವೆಬ್‌ಕ್ಯಾಮ್‌ನ ಮೈಕ್ ಕೂಡ ಒಂದು ಕಾರ್ಡೇ, ಅದು ಇವತ್ತು 1 ಆದರೆ ಡ್ಯಾಕ್ 2 ಆಗುತ್ತದೆ. ಟರ್ಮಿನಲ್‌ನಲ್ಲಿ ಎ-ಪ್ಲೇ ಕಮಾಂಡಿಗೆ ದೊಡ್ಡ ಎಲ್ ಆಯ್ಕೆ ಕೊಟ್ಟರೆ ಕಾರ್ಡಿನ ಹೆಸರು ಇರುವ ಪಟ್ಟಿ ಬರುತ್ತದೆ. ಸಣ್ಣ ಎಲ್ ಕೊಟ್ಟರೆ ನಂಬರ್ ಪಟ್ಟಿ. ಹೆಸರಿನ ಪಟ್ಟಿಯಲ್ಲಿ ಎಚ್‌ಡಬ್ಲ್ಯೂ ಎಂದು ಶುರುವಾಗುವ ಡ್ಯಾಕ್‌ನ ಸಾಲನ್ನು ಹಾಗೇ ಹಾಕಿ.

ಹಳೇಕ್ಯಾಸೆಟ್ ಅವರಿಗೆ ಇದರ ಅಗತ್ಯವಿಲ್ಲ. ಫೈಲ್ 44.1ರದ್ದು, ಪಲ್ಸ್‌ಆಡಿಯೋದ ಮೂಲ ಸೆಟ್ಟಿಂಗೂ 44.1. ಸ್ಯಾಂಪಲ್ ರೇಟ್ ಬದಲಾಯಿಸುವ ಕೆಲಸವೇ ಇಲ್ಲ.

ಹೊಸಮಿಂಟ್:

ಮಿಂಟ್ 22 ಇರುವವರಿಗೆ: ಅದರಲ್ಲಿ ಪಲ್ಸ್‌ಆಡಿಯೋ ಬದಲು ಪೈಪ್‌ವೈರ್ ಇದೆ. ಆದರೂ ಇದೇ ವಾಲ್ಯೂಮ್ ಕಂಟ್ರೋಲ್ ಪ್ರೋಗ್ರಾಂ ನಡೆಯುತ್ತದೆ, ನೆನಪಿಡುವ ಬುದ್ಧಿಯೂ ಹಾಗೇ ಇದೆ. ಆಫೀಸಿನ ವಿಂಡೋಸ್ 11ರಲ್ಲೂ ನನಗೆ ಹೀಗೇ ಆಗಿತ್ತು. ಸೌಂಡ್ ಸೆಟ್ಟಿಂಗ್ಸ್ ಒಳಗಿನ ವಾಲ್ಯೂಮ್ ಮಿಕ್ಸರ್‌ನಲ್ಲಿ ಪ್ರತಿ ಆ್ಯಪ್‌ಗೂ ಬೇರೆ ಔಟ್‌ಪುಟ್ ಇರುತ್ತದೆ. ಅದನ್ನು ಡೀಫಾಲ್ಟ್ ಮಾಡಿದೆ, ಸರಿಹೋಯಿತು.

ಹಳೇಕ್ಯಾಸೆಟ್:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಬೆಳಿಗ್ಗೆ ಇನ್ನೊಂದು ಪರೀಕ್ಷೆ ಮಾಡಿದೆ. ಹಾಡು ಓಡುವಾಗಲೇ ಡ್ಯಾಕ್ ಕಿತ್ತೆ. ಸದ್ದು ಲ್ಯಾಪ್‌ಟಾಪಿಗೆ ಬಂತು. ಮತ್ತೆ ಚುಚ್ಚಿದೆ, ಒಂದೆರಡು ಸೆಕೆಂಡಿನಲ್ಲಿ ತಾನಾಗಿ ಡ್ಯಾಕ್‌ಗೆ ಹೋಯಿತು. ನಾನು ಏನನ್ನೂ ಮುಟ್ಟಲಿಲ್ಲ. ಶೀರ್ಷಿಕೆಗೆ "ಪರಿಹಾರ ಸಿಕ್ಕಿದೆ" ಎಂದು ಸೇರಿಸಿದ್ದೇನೆ.