ಸಹಾಯ ಬೇಕು: ಕ್ಲಾರಿನೆಟ್‌ನ ಬಿ ಫ್ಲ್ಯಾಟ್ ಗೊಗ್ಗರು ದನಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ 17 ಕೀಗಳ ಬೋಮ್ (ಕೀಗಳ ಜೋಡಣೆಯ ಒಂದು ಪದ್ಧತಿ) ಕ್ಲಾರಿನೆಟ್ ನುಡಿಸುವವರು ದಯವಿಟ್ಟು ಉತ್ತರಿಸಿ.

ತೊಂದರೆ ಇರುವುದು ಥ್ರೋಟ್ ಸ್ವರಗಳಲ್ಲಿ, ಅಂದರೆ ಜಿಯಿಂದ ಬಿ ಫ್ಲ್ಯಾಟ್‌ವರೆಗೆ. ಬಿ ಫ್ಲ್ಯಾಟ್ ಅಂತೂ ಮೂಗು ಕಟ್ಟಿದ ಹಾಗೆ ಬರುತ್ತಿದೆ. ರಿಜಿಸ್ಟರ್ ಕೀಯ (ಎಡ ಹೆಬ್ಬೆರಳಿನ ಕೀ) ಸಣ್ಣ ತೂತೇ ಮೇಲಿನ ಸ್ಥಾಯಿಗೆ ಏರಿಸುವುದು, ಬಿ ಫ್ಲ್ಯಾಟ್ ನುಡಿಸುವುದು ಎರಡೂ ಕೆಲಸ ಮಾಡಬೇಕಾದ್ದರಿಂದ ಇದು ಸ್ವಲ್ಪಮಟ್ಟಿಗೆ ಎಲ್ಲ ವಾದ್ಯದಲ್ಲೂ ಇದ್ದದ್ದೇ. ರೀಡ್ ಬದಲಿಸಿ, ತೂತಿನ ನೀರು ತೆಗೆದು, ಪ್ಯಾಡ್ (ಕೀ ತೂತನ್ನು ಮುಚ್ಚುವ ಮೆತ್ತೆ) ಕೆಳಗೆ ತೆಳು ಕಾಗದ ಇಟ್ಟು ಎಳೆದು ನೋಡಿದ್ದಾಗಿದೆ, ಸೋರಿಕೆ ಇಲ್ಲ.

ಮಾಮೂಲಿ ಬೆರಳಿನ ಜೊತೆ ಎಡಗೈ ಉಂಗುರ ಬೆರಳು, ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳು ಮುಚ್ಚಿದರೆ ದನಿ ತುಂಬಿಕೊಳ್ಳುತ್ತದೆ, ಆದರೆ ಶ್ರುತಿ ತುಸು ಇಳಿಯುತ್ತದೆ. ಬೇಸಿಗೆಯಲ್ಲಿ ಅದು ಅನುಕೂಲವೇ, ಈ ಸ್ವರಗಳು ಏರುವುದೇ ಹೆಚ್ಚು. ನಮ್ಮ ಮಳೆಗಾಲದ ಥಂಡಿಗೆ ವಾದ್ಯವೇ ಇಳಿದಿರುವಾಗ ಮಾತ್ರ ಬ್ಯಾರೆಲ್ (ಬಾಯಿತುಂಡಿನ ಕೆಳಗಿನ ಗಿಡ್ಡ ಕೊಳವೆ) ಪೂರ್ತಿ ಒಳಗೆ ತಳ್ಳಿದರೂ ಸಾಲುವುದಿಲ್ಲ. ಇಂಥ ಹೊತ್ತಿನಲ್ಲಿ ನೀವು ಯಾವ ಬೆರಳು ಬಿಡುತ್ತೀರಿ?

ಎ ಕೀ ಜೊತೆ ಬಲಬದಿಯ ನಾಲ್ಕು ಟ್ರಿಲ್ ಕೀಗಳಲ್ಲಿ ಮೇಲಿನಿಂದ ಎರಡನೆಯದನ್ನು ಒತ್ತಿದರೆ ಬಿ ಫ್ಲ್ಯಾಟ್ ಸ್ವಚ್ಛವಾಗಿ ಕೇಳುತ್ತದೆ, ವಿಳಂಬದಲ್ಲಿ ಸೊಗಸು. ಆದರೆ ಮುಂದಿನ ಸ್ವರ ಮೇಲಿನ ಬಿ ಅಥವಾ ಸಿ ಆದರೆ ಬಲಗೈ ತೋರುಬೆರಳು ತನ್ನ ತೂತಿಗೆ ಮರಳುವಷ್ಟರಲ್ಲಿ ಕಿರ್ರೆನ್ನುತ್ತದೆ. ದ್ರುತದಲ್ಲಿ ಬಲಗೈ ಪೂರ್ತಿ ಮುಚ್ಚಿಟ್ಟೇ ಥ್ರೋಟ್ ಸ್ವರಗಳಿಂದ ಮೇಲಿನ ಸ್ಥಾಯಿಗೆ ದಾಟುವವರು ಎ, ಬಿ ಫ್ಲ್ಯಾಟ್ ಎರಡಕ್ಕೂ ಅದನ್ನೇ ಬಳಸುತ್ತೀರಾ?

ರಿಜಿಸ್ಟರ್ ಪ್ಯಾಡ್‌ನ ಎತ್ತರ ಹೊಂದಿಸಿಕೊಡುವ ರಿಪೇರಿಯವರು ಹತ್ತಿರದಲ್ಲಿದ್ದರೆ ಅದನ್ನೂ ತಿಳಿಸಿ.